ಹತ್ತುವ ಮುಂಚಿನ ಕೂಗು

ಹಾಲ್ಕುರಿಕೆಯಲ್ಲಿ ತೆಂಗಿನಕಾಯಿ ಕೀಳುವ ಮಾಯಣ್ಣ ಮರ ಹತ್ತುವ ಮುಂಚೆ ಕೂಗು ಹಾಕುವುದನ್ನು ಕೇಳಬೇಕು: “ಮರ ಹತ್ತೀನಿ ಕಣ್ರವ್ವಾ.” ಹಿತ್ತಿಲಲ್ಲಿ ಸ್ನಾನಕ್ಕೆ ಕೂತ ಹೆಂಗಸರು ಒಳಗೆ ಹೋಗಲೆಂದು ಈ ಕೂಗು, ಆದರೆ ಆ ಗಂಟಲಿಗೆ ದೂರದ ಬೋರನಕಣಿವೆ ಜಲಾಶಯದ ಮೀನುಗಳೂ ಮೈ ಮುಚ್ಚಿಕೊಳ್ಳಬೇಕು. ಕೂಗಿದ ಕೂಡಲೇ ಹತ್ತುವವನೂ ಅಲ್ಲ. ಒಂದು ವೀಳ್ಯದೆಲೆಗೆ ಸುಣ್ಣ ಸವರಿ, ಅದನ್ನು ಜಗಿದು ಮುಗಿಸುವವರೆಗೆ ಬುಡದಲ್ಲೇ ನಿಲ್ಲುತ್ತಾನೆ. ಒಂದೇ ಎಲೆ, ಎರಡನೆಯದನ್ನು ಹಾಕಿಕೊಂಡದ್ದನ್ನು ಊರಲ್ಲಿ ಯಾರೂ ಕಂಡಿಲ್ಲ. ತುದಿಯಿಂದ ಅರ್ಧ ಊರಿನ ಹಿತ್ತಿಲು ಕಾಣುತ್ತದೆ, ಆದರೆ ಏನು ಕಂಡೆಯೋ ಎಂದು ಕೇಳಿದರೆ, “ಮೇಲೆ ಕಂಡಿದ್ದ ಮೇಲೇ ಬುಟ್ಟು ಬತ್ತೀನಿ ಕಣಪ್ಪ” ಎನ್ನುತ್ತಾನೆ. ತುರ್ತು ಪರಿಸ್ಥಿತಿಯ ವರ್ಷ, ಸರ್ಕಾರದ ವಿರುದ್ಧ ಕರಪತ್ರ ಹಂಚಿದ ಲಾಯರಾದ ನಾನು ಅದೇ ಊರಿನ ಸೋದರತ್ತೆ ಗುರುಸಿದ್ದಮ್ಮನ ಮನೆಯಲ್ಲಿ ಅಡಗಿದ್ದೆ. ಇನ್ನೊಬ್ಬರ ಮನೆಯೊಳಗೆ ಹೇಳದೆ ಕೇಳದೆ ಇಣುಕಬಾರದು ಎಂದು ನಾನು ವಾದಿಸಬಹುದಾದ ಕೋರ್ಟು ಆಗ ಉಳಿದಿರಲಿಲ್ಲ. ಒಂದು ಬೆಳಗ್ಗೆ ಹಿತ್ತಿಲಲ್ಲಿ ಗಡ್ಡ ಹೆರೆಯುತ್ತಿದ್ದಾಗ ಗೋಡೆಯಾಚೆ ಮಫ್ತಿ ಪೊಲೀಸನ ಪಿಸುಮಾತು ಕೇಳಿಸಿತು: “ಕೂಗಬೇಡ. ಸುಮ್ನೆ ಹತ್ತಿ, ಒಳಗೆ ಯಾರವ್ರೆ ನೋಡಿ ಹೇಳು.” “ಕೂಗ್ದೆ ಹತ್ತಿದ್ರೆ ಕಾಲು ನಡುಗ್ತವೆ ಸ್ವಾಮಿ” ಎಂದ ಮಾಯಣ್ಣ ಕೂಗಿಯೇಬಿಟ್ಟ. ನಾನು ಸೋಪಿನ ಮುಖದಲ್ಲೇ ಒಳಗೆ ಓಡಿದೆ. ಕನ್ನಡಿ, ಬ್ಲೇಡು, ತಂಬಿಗೆ ಹಿತ್ತಿಲಲ್ಲೇ ಉಳಿದವು. ಅವನ್ನು ಎತ್ತಿಕೊಳ್ಳಲು ಅತ್ತೆ ಹೊರಗೆ ಹೋದಾಗ ಆಚೆ ಪೊಲೀಸ ರೇಗುತ್ತಿದ್ದ: “ಎಲೆ ಹಾಕಿದ್ದಾಯ್ತಲ್ಲ, ಹತ್ತೋ.” ಮಾಯಣ್ಣನ ದನಿಯಲ್ಲಿ ಒಂದಿಷ್ಟೂ ಅವಸರವಿರಲಿಲ್ಲ: “ಇನ್ನೊಂದೆಲೆ ಸ್ವಾಮಿ.”