ಹೊಸ ಅಚ್ಚಿನ ರೆಕಾರ್ಡೂ ಶರಣಪ್ಪನ ಕಿವಿಯೂ

ಕಳೆದ ವಾರ ನಮ್ಮ ಮನೆಗೆ ಒಂದು ರೆಕಾರ್ಡು ಬಂತು. ಬಂತು ಎಂದರೆ ತಾನಾಗಿ ಬರಲಿಲ್ಲ, ನಾನೇ ತರಿಸಿಕೊಂಡದ್ದು. ಇದೇ ಹಾಡುಗಳ ರೆಕಾರ್ಡು ನನ್ನ ಬೀರುವಿನಲ್ಲಿ ಆಗಲೇ ಎರಡಿವೆ. ಒಂದು ತೊಂಬತ್ತರ ದಶಕದ ಮೂಲ ಅಚ್ಚು, ಇನ್ನೊಂದು ಎರಡು ಸಾವಿರದ ಈಚೆಗೆ ಬಂದ ಮರು ಅಚ್ಚು. ಇದು ಮೂರನೆಯದು. ಮೂಲ ಟೇಪಿನಿಂದ ಹೊಸದಾಗಿ ಕೊರೆದದ್ದು, ಹಿಂದೆಂದೂ ಕೇಳದಷ್ಟು ಸ್ಪಷ್ಟ ಎಂದು ಮೇಲೆ ಚೀಟಿ ಬೇರೆ ಅಂಟಿಸಿದ್ದಾರೆ. ಒಂದೇ ಹಾಡಿಗೆ ಮೂರು ಸಲ ಮರುಳಾಗುವವನನ್ನು ಏನೆಂದು ಕರೆಯಬೇಕೋ ನೀವೇ ಹೇಳಿ. ನನ್ನ ಹೆಂಡತಿ ಕರೆಯುವುದನ್ನು ಇಲ್ಲಿ ಬರೆಯುವಂತಿಲ್ಲ.

ಹೊಸದನ್ನು ಹಾಕಿ ಕೇಳಿದೆ. ಮೂಲ ಅಚ್ಚನ್ನು ಹಾಕಿ ಕೇಳಿದೆ. ಮತ್ತೆ ಹೊಸದು. ವ್ಯತ್ಯಾಸವೇ ಗೊತ್ತಾಗಲಿಲ್ಲ. ಮುಳ್ಳು ಒರೆಸಿದೆ, ವೈರುಗಳನ್ನು ಬಿಗಿ ಮಾಡಿದೆ, ಸ್ಪೀಕರನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದೆ. ಆದರೂ ಎರಡೂ ಒಂದೇ. ಬೇಸರದಿಂದ ಹಳೆಯದನ್ನು ಅದರ ಕಾಗದದ ಚೀಲಕ್ಕೆ ಸೇರಿಸುವಾಗ ಚೀಲದ ಅಂಚಿನಲ್ಲಿ ಕಂದು ಬಣ್ಣದ ಹೆಬ್ಬೆಟ್ಟಿನ ಗುರುತು ಕಂಡಿತು. ಮೂಗಿಗೆ ಹಿಡಿದೆ. ಇಷ್ಟು ವರ್ಷಗಳಾದ ಮೇಲೂ ಸಣ್ಣಗೆ ಮಷೀನಿನ ಎಣ್ಣೆಯ ವಾಸನೆ. ಅದು ಶರಣಪ್ಪನ ಹೆಬ್ಬೆಟ್ಟು. ಈ ರೆಕಾರ್ಡುಗಳ ಮುಂದೆ ಕೂತು ‘ಎರಡೂ ಒಂದೇ’ ಎಂದು ಮೊದಲು ಹೇಳಿದವನೂ ಅವನೇ.

ಆಗ ನಾನು ಕುಕ್ ಟೌನಿನ ಹಳೆಯ ಬಂಗಲೆಯೊಂದರ ಔಟ್‌ಹೌಸಿನಲ್ಲಿದ್ದೆ. ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ, ಮದುವೆಯಿಲ್ಲ, ಭಾನುವಾರ ಬೆಳಿಗ್ಗೆ ಕೇಳುವವರಿಲ್ಲ. ಮೂಲ ಅಚ್ಚು ನನಗೆ ಸಿಕ್ಕಿದ್ದು ಶಿವಾಜಿನಗರದ ಗುಜರಿಯಲ್ಲಿ, ಪ್ರೆಶರ್ ಕುಕ್ಕರಿನ ಮುಚ್ಚಳಗಳ ನಡುವೆ. ಈ ಬಗೆಯ ಸಂಗೀತಕ್ಕೆ ಶೂಗೇಜ್ ಎನ್ನುತ್ತಾರೆ. ಗಿಟಾರಿನ ಸದ್ದನ್ನು ಹಿಗ್ಗಿಸಿ ಕಲಸುವ ಪೆಡಲುಗಳು ನೆಲದ ಮೇಲಿರುತ್ತವೆ, ಅವನ್ನು ತುಳಿಯಲು ನುಡಿಸುವವರು ತಲೆ ಬಗ್ಗಿಸಿಯೇ ನಿಂತಿರುತ್ತಾರೆ. ಬೂಟು ನೋಡಿಕೊಂಡು ನಿಲ್ಲುವವರು ಎಂದು ಯಾರೋ ಗೇಲಿ ಮಾಡಿದ್ದೇ ಹೆಸರಾಗಿ ಉಳಿಯಿತು. ಕೇಳಲು ಹೇಗಿರುತ್ತದೆ ಎನ್ನುತ್ತೀರಾ? ಗಿಟಾರುಗಳ ಭೋರ್ಗರೆತ ಗೋಡೆಯಂತೆ ಎದ್ದಿರುತ್ತದೆ, ಹಾಡುವವಳ ದನಿ ಆ ಗೋಡೆಯ ಆಚೆ ಎಲ್ಲೋ ಇರುತ್ತದೆ. ಪದಗಳು ಯಾರಿಗೂ ತಿಳಿಯುವುದಿಲ್ಲ. ನನಗಂತೂ ಅದೇ ದೊಡ್ಡ ಸಮಾಧಾನವಾಗಿತ್ತು.

ಒಂದು ಭಾನುವಾರ ಗೇಟಿನ ಬಳಿ ಯಾರೋ ನಿಂತಿದ್ದರು. ಗಲಾಟೆ ಎಂದು ಬಯ್ಯಲು ಬಂದಿರಬೇಕೆಂದು ಸದ್ದು ತಗ್ಗಿಸಿ ಹೊರಗೆ ಹೋದೆ.

‘ಸರ, ಇದು ಯಾವ ಮಷೀನ್ರೀ?’ ಎಂದ.

ಶರಣಪ್ಪ ಸಿಂಧನೂರಿನ ಕಡೆಯವನು. ಬಾಣಸವಾಡಿಯಲ್ಲಿ ಬಾಡಿಗೆಯ ಕೋಣೆ, ಕೆ.ಆರ್. ಪುರದ ಆಚೆ ತಗಡು ಒತ್ತುವ ಪ್ರೆಸ್ಸಿನಲ್ಲಿ ಕಾಂಟ್ರಾಕ್ಟ್ ಕೆಲಸ. ಒಳಗೆ ಕರೆದು ಕೂರಿಸಿ ರೆಕಾರ್ಡನ್ನು ಮೊದಲಿನಿಂದ ಹಾಕಿದೆ. ಅವನು ಕಣ್ಣು ಮುಚ್ಚಿ ಕೇಳಿದ. ‘ನಮ್ಮ ಪ್ರೆಸ್ ಶಾಪ್ ಇದ್ದಂಗ ಅದರೀ. ಗದ್ದಲದಾಗ ಯಾರೋ ಮಾತಾಡಾಕತ್ತಾರ’ ಎಂದ. ಪೆಡಲಿನ ವಿಷಯ ಹೇಳಿದಾಗ ನಕ್ಕುಬಿಟ್ಟ. ‘ನಮ್ಮ ಪ್ರೆಸ್ಸಿಗೂ ಪೆಡಲ ಐತ್ರಿ ಸರ. ನಾವೂ ಬೂಟು ನೋಡವರ.’ ಇಂಗ್ಲಿಷ್ ಬಾರದ ಆ ಮನುಷ್ಯ ನನಗೆ ಸಿಗದ ಆ ಹೆಂಗಸಿನ ದನಿಯನ್ನು ಹಿಡಿದು ಗುನುಗಿದ. ನಾನು ಎಷ್ಟೋ ತಿಂಗಳಿಂದ ಕೇಳುತ್ತಿದ್ದರೂ ಆ ರಾಗ ಅಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಅಂದಿನಿಂದ ಅವನು ಭಾನುವಾರದ ಗಿರಾಕಿಯಾದ.

ಒಂದೆರಡು ಸಲ ಸೆಲ್ವನೂ ಜೊತೆಗೆ ಬಂದಿದ್ದ. ಸೆಲ್ವ ಹಲಸೂರಿನವನು, ಪ್ರೆಸ್ಸಿನಲ್ಲಿ ಶರಣಪ್ಪನ ಜೋಡಿ. ದೊಡ್ಡ ತಗಡಿನ ಆ ತುದಿಯನ್ನು ಸೆಲ್ವ ಅಚ್ಚಿಗೆ ಕೂರಿಸಿ ಕೂಗಬೇಕು, ಈ ತುದಿಯಲ್ಲಿ ಶರಣಪ್ಪ ಪೆಡಲ್ ತುಳಿಯಬೇಕು. ನನ್ನ ಸಂಗೀತ ಶುರುವಾದರೆ ಸಾಕು, ಸೆಲ್ವ ಕಾಫಿ ಲೋಟ ಹಿಡಿದು ಎದ್ದುಬಿಡುತ್ತಿದ್ದ. ‘ಫ್ಯಾಕ್ಟ್ರೀಲಿ ಕೇಳಿದ್ದು ಸಾಲ್ದಾ ಗುರು?’ ಎಂದು ಶರಣಪ್ಪನಿಗೆ ಹೇಳಿ ಗೇಟಿನ ಹೊರಗೆ ಹೋಗಿ ನಿಲ್ಲುತ್ತಿದ್ದ.

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಮರು ಅಚ್ಚು ಬಂತು. ಹೊರದೇಶಕ್ಕೆ ಹೋಗಿದ್ದ ಸಹೋದ್ಯೋಗಿಯೊಬ್ಬರ ಸೂಟ್‌ಕೇಸಿನಲ್ಲಿ ಅದು ಬಾಗದೆ ಬಂದದ್ದೇ ಪುಣ್ಯ. ಕೇಳಿ ನನಗೆ ಮೈಯೆಲ್ಲ ಉರಿಯಿತು. ಎಲ್ಲ ಸದ್ದನ್ನೂ ಒಂದೇ ಎತ್ತರಕ್ಕೆ ಎಳೆದಿದ್ದರು. ಮೂಲದಲ್ಲಿ ತಾಳದ ತಟ್ಟೆ ಝಣ್ ಎಂದು ನಿಧಾನವಾಗಿ ಕರಗುತ್ತಿದ್ದ ಜಾಗದಲ್ಲಿ ಇಲ್ಲಿ ಬರೀ ಉಸ್ ಎಂಬ ಸದ್ದು. ಇಂಟರ್ನೆಟ್ಟಿನಲ್ಲಿ ನನ್ನಂಥವರೇ ಸೇರುವ ಜಾಗದಲ್ಲಿ ಪುಟಗಟ್ಟಲೆ ಬರೆದೆ. ಭಾನುವಾರ ಶರಣಪ್ಪನನ್ನು ಕೂರಿಸಿ ಎರಡನ್ನೂ ಒಂದಾದ ಮೇಲೊಂದು ಹಾಕಿ, ನ್ಯಾಯಾಧೀಶನ ಮುಂದೆ ನಿಂತವನಂತೆ ಕಾದೆ.

‘ಎರಡೂ ಒಂದ ಅದಾವ್ರೀ’ ಎಂದ.

‘ಆ ತಾಳ ಕೇಳಿಸ್ಲಿಲ್ವಾ? ಮೊದಲನೇದ್ರಲ್ಲಿ ಎಷ್ಟು ಚೆನ್ನಾಗಿದೆ. ನಿಮಗೆ ಕಿವಿ ಇದೆಯೇನ್ರೀ?’

‘ಅದ ಇಲ್ರೀ ಸರ’ ಎಂದ ಶರಣಪ್ಪ.

ಕೋಗಿಲೆ ಕೂಗುವುದು ಕೇಳದೆ ಎರಡು ವರ್ಷವಾಗಿತ್ತಂತೆ. ಕುಕ್ಕರಿನ ಸೀಟಿ ಎಣಿಸಲು ಹೆಂಡತಿಯೇ ಬೇಕಂತೆ. ಪ್ರೆಸ್ಸಿನಲ್ಲಿ ಸೆಲ್ವನ ಬಾಯಿ ನೋಡಿಕೊಂಡು ಕೆಲಸ ಮಾಡುತ್ತಿದ್ದನಂತೆ. ಫ್ಯಾಕ್ಟರಿಯಲ್ಲಿ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡುತ್ತಿದ್ದರು. ಹಿಂದಿನ ವರ್ಷ ಎಚ್ಚರಿಕೆ ಕೊಟ್ಟಿದ್ದರು, ಈ ಸಲವೂ ಹಾಗೇ ಆದರೆ ಕೆಲಸದಿಂದ ತೆಗೆಯುತ್ತಾರೆ. ‘ಹೆಂಡ್ತಿನ್ನ ಈಗಷ್ಟ ಊರಿಂದ ಕರ್ಕೊಂಡು ಬಂದೀನ್ರೀ. ನನಗ ಬ್ಯಾರೆ ಕೆಲಸ ಬರಂಗಿಲ್ಲ. ನಿಮಗ ಸದ್ದಿನ ವಿಷಯ ಎಲ್ಲಾ ಗೊತ್ತದ. ಏನರ ಮಾಡಾಕ ಆಗ್ತದೇನ್ರೀ?’

ಎರಡು ಅಚ್ಚುಗಳ ನಡುವಿನ ಕೂದಲೆಳೆಯ ವ್ಯತ್ಯಾಸ ಹಿಡಿದವನಿಗೆ, ಪಕ್ಕದಲ್ಲಿ ಕೂತವನಿಗೆ ಕೇಳಿಸುತ್ತಿಲ್ಲ ಎನ್ನುವುದು ಗೊತ್ತಾಗಿರಲಿಲ್ಲ ನೋಡಿ. ನಾಚಿಕೆಯಾಯಿತು. ನಾಚಿಕೆಯಾದವನು ಉಪಕಾರಕ್ಕೆ ಹೊರಟರೆ ಹಿಂದುಮುಂದು ನೋಡುವುದಿಲ್ಲ, ನಾನೂ ನೋಡಲಿಲ್ಲ.

ನನ್ನ ಹತ್ತಿರ ಪ್ಲೇಯರ್ ಸರಿಮಾಡಿಕೊಳ್ಳುವ ಒಂದು ರೆಕಾರ್ಡಿತ್ತು. ಅದರಲ್ಲಿ ಹಾಡಿಲ್ಲ, ಬರೀ ಕುಂಯ್ ಎನ್ನುವ ಸದ್ದುಗಳು, ದಪ್ಪದಿಂದ ಸಣ್ಣಕ್ಕೆ. ಫ್ಯಾಕ್ಟರಿಯ ಪರೀಕ್ಷೆಯಲ್ಲಿ ಗಾಜಿನಾಚೆ ಒಬ್ಬ ಕೂತು ಬಟನ್ ಒತ್ತುತ್ತಾನೆ, ಕಿವಿಗೆ ಸದ್ದು ಬಂದಾಗ ಇವನು ಕೈ ಎತ್ತಬೇಕು. ಬಟನ್ ಒತ್ತುವವನ ಬೆರಳು ಕಾಣದು, ಆದರೆ ಭುಜ ಕಾಣುತ್ತದೆ. ಐದು ಭಾನುವಾರ ನಾನು ಶರಣಪ್ಪನ ಎದುರು ಕೂತು ಮೇಜಿನ ಕೆಳಗೆ ವಾಲ್ಯೂಮ್ ತಿರುಗಿಸಿದೆ, ಅವನು ನನ್ನ ಭುಜ ನೋಡಿ ಕೈ ಎತ್ತಿದ. ಮೂರನೆಯ ವಾರಕ್ಕೆ ಒಂದೂ ತಪ್ಪುತ್ತಿರಲಿಲ್ಲ. ಆಗ ಹೇಳಿದೆ, ‘ಎಲ್ಲದಕ್ಕೂ ಎತ್ಬೇಡಿ ಶರಣಪ್ಪ. ತೀರಾ ಸಣ್ಣ ಸದ್ದಿರುತ್ತಲ್ಲ, ಅಲ್ಲಿ ಒಂದೆರಡು ಬಿಟ್ಬಿಡಿ. ಆಗ ನಿಜ ಅನ್ಸುತ್ತೆ.’ ಈ ಉಪಾಯ ಪೂರ್ತಿ ನನ್ನದು. ಆಗ ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಶರಣಪ್ಪ ಪಾಸಾದ. ಶಿಫ್ಟ್ ಮುಗಿಸಿ ನೇರ ನಮ್ಮ ಮನೆಗೇ ಬಂದ, ಕೈಯಲ್ಲಿ ಜಿಲೇಬಿ ಪೊಟ್ಟಣ. ಇವತ್ತು ತಾನೇ ರೆಕಾರ್ಡು ಹಾಕುತ್ತೇನೆಂದು ಎಣ್ಣೆಗೈಯಲ್ಲೇ ಚೀಲದಿಂದ ತೆಗೆದ. ಬೇರೆ ಯಾರಾದರೂ ಮುಟ್ಟಿದ್ದರೆ ಕೂಗಾಡುತ್ತಿದ್ದ ನಾನು ಸುಮ್ಮನಿದ್ದೆ. ಅವತ್ತು ಕಿಟಕಿ ಅದುರುವಷ್ಟು ಜೋರಾಗಿ ಹಾಕಿ ಇಬ್ಬರೂ ಕೇಳಿದೆವು.

ಏಳೆಂಟು ತಿಂಗಳ ಮೇಲೆ ಒಂದು ಭಾನುವಾರ ಸೆಲ್ವ ಒಬ್ಬನೇ ಬಂದ. ಬಲಗೈಗೆ ಮಣಿಕಟ್ಟಿನವರೆಗೂ ಬ್ಯಾಂಡೇಜು. ಕಾಫಿ ಕೊಟ್ಟೆ, ಎಡಗೈಯಲ್ಲಿ ತೆಗೆದುಕೊಂಡ.

‘ಶರಣಪ್ಪ ಊರಿಗೆ ಹೋಗ್ಬಿಟ್ಟ ಸಾರ್, ಹೆಂಡ್ತೀನೂ ಕರ್ಕೊಂಡು. ನಿಮಗೆ ಹೇಳೋಕೆ ಮುಖ ಇಲ್ಲ ಅಂತಿದ್ದ. ಯಾಕೋ ನಂಗೆ ಗೊತ್ತಾಗ್ಲಿಲ್ಲ. ತಗಡು ಸಿಕ್ಕಾಕ್ಕೊಂಡಿತ್ತು ಸಾರ್, ನಾನು ಕೈ ಹಾಕಿದ್ದೆ. ತಡಿ ತಡಿ ಅಂದೆ. ಪೆಡಲ್ ಜಾರ್ತಿದೆ ಅಂತ ಅವನು ತಲೆ ಬಗ್ಗಿಸಿ ಕಾಲು ನೋಡ್ತಿದ್ದ. ತುಳಿದ್ಬಿಟ್ಟ.’

ಮೂರು ಬೆರಳು ಹೋಗಿದ್ದವು. ನಾನು ಏನೋ ಕೇಳಿದೆ, ಏನೆಂದು ನೆನಪಿಲ್ಲ.

‘ಅವನ ತಪ್ಪಿಲ್ಲ ಸಾರ್. ಆಫೀಸಲ್ಲೂ ಅದೇ ಬರೆದ್ರು. ಅವನ ಕಿವಿ ಸರಿಯಾಗೇ ಇದೆ, ಟೆಸ್ಟಲ್ಲಿ ಪಾಸಾಗಿದ್ದಾನೆ, ನೀನೇ ಕೂಗಿಲ್ಲ ಅಂದ್ರು. ಕೂಗಿದ ಹಂಗಿತ್ತು ಸಾರ್. ಈಗ ಡೌಟು ಬರ್ತದೆ. ಮನಸಲ್ಲೇ ಅಂದ್ಕೊಂಡ್ನೋ ಏನೋ.’

ಆಗ ಹೇಳಬೇಕಿತ್ತು. ಹೇಳಿದರೆ ಶರಣಪ್ಪನಿಗೆ ತೊಂದರೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನನಗೆ ಹೆದರಿಕೆಯಾಗಿತ್ತು, ಅಷ್ಟೇ. ಸೆಲ್ವ ಕಾಫಿ ಮುಗಿಸಿ, ಲೋಟವನ್ನು ತಾನೇ ತೊಳೆಯಲು ಹೋಗಿ, ಒಂದು ಕೈಯಲ್ಲಿ ಆಗದೆ ಸಿಂಕಿನಲ್ಲಿಟ್ಟು ಹೊರಟ. ಆಮೇಲೆ ಅವನು ಹಲಸೂರು ಕೆರೆಯ ಹತ್ತಿರ ಬೀಡಾ ಅಂಗಡಿ ಹಾಕಿದ. ನಾನು ಇಂದಿರಾನಗರಕ್ಕೆ ಮನೆ ಬದಲಾಯಿಸಿದೆ. ಆ ರಸ್ತೆ ತಪ್ಪಿಸಿಕೊಂಡು ಸುತ್ತಿಬಳಸಿ ಓಡಾಡಿದ್ದನ್ನು ಲೆಕ್ಕ ಹಾಕಿದರೆ ಸಿಂಧನೂರಿಗೇ ಹೋಗಿ ಬರಬಹುದಿತ್ತು. ಶರಣಪ್ಪ ಏನಾದನೋ ತಿಳಿಯದು.

ಮೂರನೆಯ ರೆಕಾರ್ಡು ಬಂದು, ಎರಡೂ ಒಂದೇ ಥರ ಕೇಳಿಸಿದ ಮೇಲೆ ನಾನು ಮೊನ್ನೆ ಕಿವಿ ಪರೀಕ್ಷೆಗೆ ಹೋದೆ. ಸಣ್ಣ ಕೋಣೆ, ಗಾಜು, ಆಚೆ ಒಬ್ಬ ಹುಡುಗಿ. ‘ಸೌಂಡ್ ಬಂದ ತಕ್ಷಣ ಕೈ ಎತ್ತಿ ಅಂಕಲ್’ ಎಂದಳು. ಎತ್ತಿದೆ. ಮತ್ತೆ ಎತ್ತಿದೆ. ಮೂರನೆಯ ಸಲ ಎತ್ತಿದ ಕೈ ಮೇಲೆ ಇರುವಾಗಲೇ ನನಗೆ ಗೊತ್ತಾಯಿತು, ನಾನು ಏನನ್ನೂ ಕೇಳಿರಲಿಲ್ಲ. ನನ್ನ ಕಣ್ಣು ಅವಳ ಭುಜದ ಮೇಲಿತ್ತು.

‘ಕುರ್ಚಿ ಗೋಡೆ ಕಡೆ ತಿರುಗಿಸ್ಕೊಳ್ಳಲಾಮ್ಮ?’ ಎಂದು ಕೇಳಿದೆ. ಮೊದಲಿನಿಂದ ಶುರುಮಾಡಿದಳು. ಬಿಳಿ ಗೋಡೆ ನೋಡುತ್ತ ಬಹಳ ಹೊತ್ತು ಕೂತಿದ್ದೆ, ಕೈ ತೊಡೆಯ ಮೇಲೇ ಇತ್ತು.

ರಿಪೋರ್ಟನ್ನು ಮಡಚಿ ಜೇಬಿಗಿಟ್ಟುಕೊಂಡು ಆಟೋ ಹತ್ತಿ ಕೆರೆಯ ಹತ್ತಿರ ಇಳಿದೆ. ಅಂಗಡಿ ಅಲ್ಲೇ ಇತ್ತು. ಸೆಲ್ವನ ತಲೆ ಬೆಳ್ಳಗಾಗಿದೆ. ಉಳಿದೆರಡು ಬೆರಳಲ್ಲಿ ಎಲೆ ಹಿಡಿದು ಎಡಗೈಯಲ್ಲಿ ಸುಣ್ಣ ಸವರುತ್ತಿದ್ದ. ನನ್ನ ಗುರುತು ಹಿಡಿದು ನಕ್ಕ, ಏನು ಕೊಡಲಿ ಸಾರ್ ಎಂದ.

‘ಸೆಲ್ವ, ಅವತ್ತು ನೀವು ಕೂಗಿದ್ರಿ’ ಎಂದೆ. ‘ಜೋರಾಗೇ ಕೂಗಿದ್ರಿ.’

ಅವನ ಕೈ ನಿಂತಿತು. ಎಲೆಯನ್ನು ಕೆಳಗಿಟ್ಟು ನನ್ನನ್ನೇ ನೋಡಿದ.

‘ನಿಮಗೆ ಹೆಂಗೆ ಸಾರ್ ಗೊತ್ತು?’

ಅಂಗಡಿಯ ಮುಂದಿನ ಸ್ಟೂಲು ಎಳೆದುಕೊಂಡು ಕೂತೆ, ಮೊದಲಿನಿಂದ ಹೇಳತೊಡಗಿದೆ.