ಸ್ಲೇಟಿನ ಮೇಲೆ ನಾನು ತಿದ್ದಿದ ಅಂಕಿ

ಆ ಸ್ಲೇಟಿನ ಅಂಕಿಯನ್ನು ಅಳಿಸಿ ಬೇರೆ ಬರೆದವನು ನಾನು. ತಪ್ಪು ಜವರಣ್ಣನದಲ್ಲ, ಅವನ ಬೆಂಕಿಯದೂ ಅಲ್ಲ — ನನ್ನದು.

ಆ ಮಧ್ಯಾಹ್ನ ಕಂಪಲಾಪುರದ ಗೌಡರ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಮನೆ, ಬ್ಯಾರನ್ನಿನ ಬಳಿ ಇದ್ದವರು ಇಬ್ಬರೇ. ಒಲೆಗೆ ಸೌದೆ ಒಟ್ಟುವ ಜವರಣ್ಣ, ಗೋಡೆಯ ಗಾಜಿನ ಕಿಂಡಿಗೆ ಕಣ್ಣು ಹಚ್ಚಿ ಕೂತ ನಾನು. ಒಳಗೆ ಕಡ್ಡಿಗಳಿಗೆ ಕಟ್ಟಿದ ಸೊಪ್ಪು ಸಾಲುಸಾಲಾಗಿ ತೂಗುತ್ತಿತ್ತು. ಅದರ ಕೆಳಗೆ ಒಲೆಯ ಬಿಸಿ ಹರಿಯುವ ತಗಡಿನ ಕೊಳವೆ. ಕಿಂಡಿಯಿಂದ ಕಾಣುವ ಥರ್ಮಾಮೀಟರು ನೋಡಿ, ಗಂಟೆಗೊಮ್ಮೆ ಅಂಕಿಯನ್ನು ಸ್ಲೇಟಿಗೆ ಬರೆಯುವುದು ನನ್ನ ಕೆಲಸ. ಗೌಡರಿಗೆ ಹೇಳಿ ಆ ಕೆಲಸ ಕೊಡಿಸಿದವನೂ ಜವರಣ್ಣನೇ. ಅವನಿಗೆ ಓದು ಬಾರದು. ನನಗೆ ಬರುತ್ತಿತ್ತು — ಆ ಜಂಬಕ್ಕೆ ನಾನು ಗಾಜು ಬಿಟ್ಟು ಅತ್ತಿತ್ತ ನೋಡುತ್ತಲೇ ಇರಲಿಲ್ಲ.

"ಕಣ್ಣೇನೋ ಗಾಜಿಗೆ ಅಂಟುಸ್ಕೊಂಡಿದ್ದೀಯ, ಮೂಗ ಮನೇಲಿ ಬುಟ್ ಬಂದಿದ್ದೀಯೇನ್ಲಾ ಸಿದ್ದು?" ಎಂದು ಜವರಣ್ಣ ರೇಗಿಸಿದ, ಊಟಕ್ಕೆ ಹೊರಡುತ್ತಾ. "ಬಿಸಿ ಅಳ್ಯೋ ಗಾಜು ತಾನಿರೋ ಜಾಗದ್ದು ಮಾತ್ರ ತೋರುಸ್ತದೆ ಕಣ್ಲಾ. ಕಮರು ವಾಸ್ನೆ ಬಂತೋ, ಎಲೆ ಉದುರಿ ಕೊಳ್ವೆ ಮ್ಯಾಲೆ ಬಿದ್ದದೆ ಅಂತ. ಏನೂ ನೋಡ್ಬ್ಯಾಡ, ಒಲೆ ಬೆಂಕಿ ಎಳ್ದು ಆಚೆ ಆಕು."

ಅವನು ಹೋದ ಅರ್ಧ ಗಂಟೆಗೆ ವಾಸನೆ ಬಂತು. ಬಂತು — ಬರಲಿಲ್ಲ ಎಂದು ಹೇಗೆ ಹೇಳಲಿ? ಗಾಜು ನೋಡಿದೆ: ನೂರಾ ಅರವತ್ತು, ಇರಬೇಕಾದಷ್ಟೇ. ಹಾಗೇ ಸ್ಲೇಟಿಗೆ ಬರೆದೆ. ಮತ್ತೆ ವಾಸನೆ, ಮತ್ತೆ ಗಾಜು, ಮತ್ತೆ ಅದೇ ಅಂಕಿ. ಕೂತೇ ಇದ್ದೆ. ಕಿಂಡಿಯ ಗಾಜು ಹೊಗೆಯಿಂದ ಮಂಕಾದ ಮೇಲೆ ಎದ್ದೆ. ಅಷ್ಟರಲ್ಲಿ ಚಾವಣಿಗೆ ಹೊದಿಸಿದ್ದ ಹುಲ್ಲಿಗೂ ಕಿಚ್ಚು ಹತ್ತಿತ್ತು.

ಊರು ನೀರು ಹೊತ್ತು ಓಡಿಬರುತ್ತಿದ್ದಾಗ ನಾನು ಮಾಡಿದ್ದೇನು ಗೊತ್ತೇ? ಅಂಗೈಯಿಂದ ಸ್ಲೇಟು ಒರೆಸಿ, ನೂರಾ ತೊಂಬತ್ತು ಎಂದು ಬರೆದೆ.

ಗೌಡರು ಓದಿದರು. "ಸೌದೆ ಅಷ್ಟೊಂದು ತುಂಬಿ ಉಣ್ಣಕ್ಕೋದ್ಯಾ ಜವರಾ? ಸೊಪ್ಪು ಬೇಯ್ಸಕ್ಕಾ, ನನ್ನ ಮನೆ ಸುಡಕ್ಕಾ?"

ಊಟ ಬಿಟ್ಟು ಓಡಿಬಂದಿದ್ದ ಜವರಣ್ಣ ನನ್ನ ಕಡೆ ತಿರುಗಿದ. "ಅಂಗೇ ಬರ್ದದಾ ಸಿದ್ದು?"

"ಹೂಂ."

ಅವನು ನನ್ನ ಮುಖ ನೋಡಲಿಲ್ಲ. ಬಳಪದ ಪುಡಿ ಮೆತ್ತಿದ್ದ ನನ್ನ ಅಂಗೈಯನ್ನು ನೋಡಿದ — ಬಹಳ ಹೊತ್ತು. ಆಮೇಲೆ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಓದು ಬಂದೋನು ಬರ್ದವ್ನೆ. ಸರಿ ಬುಡಿ ಗೌಡ್ರೇ."

ಆ ಮೇಲೆ ಸುತ್ತಮುತ್ತ ಯಾರೂ ಅವನನ್ನು ಒಲೆಗೆ ಕರೆಯಲಿಲ್ಲ. ಚುಂಚನಕಟ್ಟೆ ಕಡೆ ಗದ್ದೆ ಕೂಲಿಗೆ ಹೋದನಂತೆ. ಅಲ್ಲೇ ತೀರಿಕೊಂಡನೆಂದು ಎಷ್ಟೋ ಕಾಲದ ಮೇಲೆ ಕೇಳಿದೆ. ನಾನು ಒಮ್ಮೆಯೂ ಹೋಗಲಿಲ್ಲ. ಬಸ್ಸಿತ್ತು. ಹೋಗಲಿಲ್ಲ.

ಗೌಡರು ಬ್ಯಾರನ್ನನ್ನು ಮತ್ತೆ ಕಟ್ಟಿಸಿದರು, ಒಲೆ ನನ್ನ ಪಾಲಿಗೆ ಬಂತು. ಮರುವರ್ಷ ಒಂದು ಮಧ್ಯಾಹ್ನ ಅದೇ ಕಮರು ಮೂಗಿಗೆ ತಾಗಿತು. ಗಾಜಿನ ಕಡೆ ತಿರುಗದೆ ಬೆಂಕಿಯನ್ನೆಲ್ಲ ಎಳೆದು ಹೊರಗೆ ಹಾಕಿದೆ. ಸೊಪ್ಪು ಉಳಿಯಿತು. ಗೌಡರು ಬೆನ್ನು ತಟ್ಟಿ, "ಭೇಷ್! ಇದ ಯಾರ್ ಕಲ್ಸುದ್ರೋ?" ಎಂದು ಕೇಳಿದರು.

"ಯಾರೂ ಇಲ್ಲ ಗೌಡ್ರೇ, ನಾನೇ ಕಲ್ತಿದ್ದು" ಎಂದೆ.