ನೀರು ಬೀಳದ ಬಾಗಿಲು

ಹುಲಿಗೆಮ್ಮನಿಗೂ ನನಗೂ ಇಪ್ಪತ್ತಾರು ವರ್ಷ ಎದುರುಬದುರು ಮನೆ. ನಡುವೆ ಒಂದು ಆಟೋ ಕಷ್ಟಪಟ್ಟು ಹೋಗುವಷ್ಟು ರಸ್ತೆ. ಭದ್ರಾವತಿಯ ಶಾಲೆಯೊಂದರಲ್ಲಿ ಹೆಡ್‌ಮಿಸ್ ಆಗಿ ನಿವೃತ್ತಳಾದವಳು ನಾನು. ಹೆಸರು ಮಹಾಂತಮ್ಮ. ನಮ್ಮ ಲೈನಿನಲ್ಲಿ ಆ ಹೆಸರು ಯಾರಿಗೂ ಬೇಕಿಲ್ಲ, ಎಲ್ಲರಿಗೂ ಟೀಚರಮ್ಮ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ಮುಚ್ಚಿಟ್ಟರೆ ಹುಲಿಗೆಮ್ಮನ ವಿಷಯ ಬರೆಯಲಿಕ್ಕೇ ಆಗುವುದಿಲ್ಲ.

ಅವಳು ಕುಂಸಿ ಕಡೆಯವಳು. ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸ ಮಾಡುತ್ತಿದ್ದ ಮಾರಪ್ಪನನ್ನು ಹದಿನೇಳಕ್ಕೇ ಮದುವೆಯಾಗಿ ಈ ಊರಿಗೆ ಬಂದಳು. ಮಕ್ಕಳಾಗಲಿಲ್ಲ. ಮಾರಪ್ಪ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಗಂಡನಿಗೆ ತಿಂಗಳಲ್ಲಿ ಹತ್ತು ದಿನ ಕೆಲಸವಿಲ್ಲದ ಕಾಲದಿಂದಲೂ ಮನೆ ನಡೆಸಿದ್ದು ಇವಳ ದುಡಿಮೆಯೇ. ಮನೆ ಕಟ್ಟುವ ಕಡೆ ಎಲ್ಲರೂ ಮೇಸ್ತ್ರಿಯ ಹೆಸರು ಹೇಳುತ್ತಾರೆ. ಆದರೆ ಕಟ್ಟಿದ ಗೋಡೆಗೆ, ಹಾಕಿದ ಮೋಲ್ಡಿಗೆ ದಿನಾ ನೀರು ಹೊಡೆದು ಗಟ್ಟಿ ಮಾಡುವವರು ಬೇರೆಯೇ ಇರುತ್ತಾರೆ. ಕ್ಯೂರಿಂಗ್ ಎನ್ನುತ್ತಾರೆ ಅದಕ್ಕೆ. ಹುಲಿಗೆಮ್ಮ ಮಾತ್ರ ಗೋಡೆಗೆ ನೀರು ಕುಡಿಸೋದು ಎನ್ನುತ್ತಿದ್ದಳು.

ಒಮ್ಮೆ ಇಬ್ಬರೂ ಒಂದೇ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದೆವು. ದಾರಿಯುದ್ದಕ್ಕೂ ಕಿಟಕಿಯಿಂದ ಬೆರಳು ತೋರಿಸಿದ್ದೇ ತೋರಿಸಿದ್ದು.

"ಟೀಚರಮ್ಮ, ಆ ಹಸಿರು ಮನೆ ನೋಡಿ, ನಾನು ನೀರು ಕುಡಿಸಿದ್ದು. ಆ ಕಾಂಪ್ಲೆಕ್ಸೂ ನಂದೇ. ಆ ಕಲ್ಯಾಣ ಮಂಟಪ ಮಾತ್ರ ನೋಡಬೇಡಿ. ಇಪ್ಪತ್ತೊಂದು ದಿನ ಕುಡಿಸ್ಬೇಕು ಅಂದ್ರೂ ಓನರ್ರು ಹದಿನಾಲ್ಕಕ್ಕೇ ಸಾಕು ಅಂದ್ಬಿಟ್ರು. ಹೆಂಗೆ ಬಿರುಕು ಬಿಟ್ಟಿದೆ ಅಂತೀರಿ!"

"ಊರೆಲ್ಲ ನಿಂದೇ ಆಯ್ತಲ್ಲೇ ಮಾರಾಯ್ತಿ, ಬಾಡಿಗೆ ವಸೂಲಿಗೆ ಯಾವಾಗ ಹೊರಡ್ತೀಯ?" ಎಂದೆ. ಬಸ್ಸಿಗೇ ಕೇಳುವಂತೆ ನಕ್ಕಳು.

ಬೆಳಗಿನ ಐದಕ್ಕೆ ಎದ್ದು ಬಾಗಿಲಿಗೆ ನೀರು ಹಾಕಿ, ರಂಗೋಲಿ ಇಟ್ಟೇ ಅವಳು ಕೆಲಸಕ್ಕೆ ಹೊರಡುತ್ತಿದ್ದದ್ದು. ನಮ್ಮ ಲೈನಿನಲ್ಲಿ ಎಲ್ಲರೂ ಬಾಗಿಲಿಗೆ ನೀರು ಹಾಕುವವರೇ, ಆದರೆ ಆರೂವರೆಯೋ ಏಳೋ ಆಗುತ್ತಿತ್ತು. ಸಾವಾದ ಮನೆಯ ಬಾಗಿಲಿಗೆ ಮಾತ್ರ ಸೂತಕ ಕಳೆಯುವವರೆಗೆ ನೀರೂ ಇಲ್ಲ, ರಂಗೋಲಿಯೂ ಇಲ್ಲ. ಹಾಗಾಗಿ ಯಾರದಾದರೂ ಬಾಗಿಲು ಒಣಗಿದ್ದರೆ ಸಾಕು, ಏನಾಯಿತೋ ಎಂದು ನಾಲ್ಕು ಜನ ಬಂದು ಬಾಗಿಲು ತಟ್ಟುತ್ತಿದ್ದರು. ಚಿಕುನ್‌ಗುನ್ಯಾ ಬಂದು ಹುಲಿಗೆಮ್ಮ ಏಳಲಾರದೆ ಮಲಗಿದ ದಿನ ಏಳು ಗಂಟೆಯೊಳಗೆ ಮೂರು ಮನೆಯಿಂದ ಗಂಜಿ ಹೋಗಿತ್ತು. ಮೊದಲು ಹೋದವಳು ನಾನೇ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಮಳೆ ಕೈಕೊಟ್ಟು ಭದ್ರಾ ಹೊಳೆಯ ಬಂಡೆಗಳೆಲ್ಲ ಮೇಲೆ ಕಾಣಿಸಿದವು. ಹೊಳೆ ಪಕ್ಕದಲ್ಲೇ ಇಟ್ಟುಕೊಂಡ ನಮಗೆ ನಾಲ್ಕು ದಿನಕ್ಕೊಮ್ಮೆ ನಲ್ಲಿ ನೀರು! ಗೋಡೆಗಳಿಗೆ ನೋಟಿಸ್ ಅಂಟಿಸಿದರು. ಕುಡಿಯುವ ನೀರಿನಲ್ಲಿ ಅಂಗಳ ತೊಳೆಯುವಂತಿಲ್ಲ, ಗಾಡಿ ತೊಳೆಯುವಂತಿಲ್ಲ, ಗಿಡಕ್ಕೆ ಹಾಕುವಂತಿಲ್ಲ, ಕಟ್ಟಡದ ಕೆಲಸಕ್ಕೆ ಮುಟ್ಟುವಂತಿಲ್ಲ. ಮೊದಲ ಸಲ ಎಚ್ಚರಿಕೆ, ಎರಡನೆಯ ಸಲ ದಂಡ, ಮೂರನೆಯ ಸಲ ನಲ್ಲಿ ಕಟ್. ಕಟ್ಟಡಗಳು ನಿಂತವು, ಹುಲಿಗೆಮ್ಮ ಕೆಲಸವಿಲ್ಲದೆ ಮನೆಯಲ್ಲಿ ಕೂತಳು.

ನಮ್ಮ ಲೈನಿನಲ್ಲಿ ನಿಯಮ ನೋಡಿಕೊಳ್ಳುವ ಉಸ್ತುವಾರಿಯನ್ನು ಎಲ್ಲರೂ ಸೇರಿ ನನ್ನ ತಲೆಗೆ ಕಟ್ಟಿದರು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಗಿತ್ತು. ನಿವೃತ್ತಿಯಾದ ಮೇಲೆ ನನ್ನ ಮಾತು ಕೇಳಲು ಉಳಿದವರು ನಮ್ಮ ಯಜಮಾನರು ಮುರುಗೇಶಪ್ಪ ಒಬ್ಬರೇ, ಅವರಿಗೂ ಕಿವಿ ಮಂದ. ಈಗ ಮೊಬೈಲಿನಲ್ಲಿ ಒಂದು ಗ್ರೂಪ್ ಆಯಿತು. ಯಾರು ನೀರು ಪೋಲು ಮಾಡಿದರೂ ಫೋಟೋ ತೆಗೆದು ಅದಕ್ಕೆ ಹಾಕುವುದು, ನಾನು ಹೋಗಿ ಎಚ್ಚರಿಸುವುದು. ಬೈಕ್ ತೊಳೆಯುತ್ತಿದ್ದ ಹರಿಪ್ರಸಾದನಿಗೆ ರಸ್ತೆಯಲ್ಲೇ ನಿಲ್ಲಿಸಿ ಪಾಠ ಮಾಡಿದೆ. ಹದಿನೈದು ದಿನದಲ್ಲಿ ಲೈನಿನ ಅಷ್ಟೂ ಬಾಗಿಲು ಒಣಗಿದವು.

ಹುಲಿಗೆಮ್ಮನದೊಂದು ಬಿಟ್ಟು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೆ ಒಂದು ದಾರಿ ಎಂದು ಬೈದೆ. ಬಕೆಟ್ ಬಿಟ್ಟು ಚೆಂಬಿಗೆ ಇಳಿದಳು, ಅಲ್ಲಿಂದ ಕೆಳಗೆ ಇಳಿಯಲಿಲ್ಲ.

"ನೀರು ಬೀಳದ ಬಾಗಿಲು ಹೆಣ ಇರೋ ಮನೇದು ಅಂತ ನಮ್ಮವ್ವ ಹೇಳ್ತಿದ್ಲು ಟೀಚರಮ್ಮ. ನಾನಿನ್ನೂ ಬದುಕಿದೀನಲ್ಲ?"

"ಹಂಗಾದ್ರೆ ಬರೀ ರಂಗೋಲಿ ಇಡು."

"ಒಣ ನೆಲಕ್ಕಾ? ಎಂಜಲು ತಟ್ಟೆಗೆ ಊಟ ಬಡಿಸಿದಂಗೆ ಆಗುತ್ತೆ!"

ಕೇಳಿ ನನಗೂ ನಗು ಬಂತು. ಹಾಳಾಗಿ ಹೋಗಲಿ, ಒಂದು ಚೆಂಬು ತಾನೇ ಎಂದು ಸುಮ್ಮನಾದೆ.

ಅದು ಏಪ್ರಿಲ್ ತಿಂಗಳ ಒಂದು ಸೋಮವಾರ. ಹಿಂದಿನ ದಿನ ನೀರು ಬಂದಿತ್ತು, ಇನ್ನು ಗುರುವಾರವೇ. ಬೆಳಿಗ್ಗೆ ಗ್ರೂಪಿನಲ್ಲಿ ಹುಲಿಗೆಮ್ಮನ ಹಸಿ ಬಾಗಿಲಿನ ಫೋಟೋ ಬಂತು. ಹಾಕಿದವನು ಹರಿಪ್ರಸಾದ. ಕೆಳಗೆ, ಟೀಚರಮ್ಮನ ಎದುರು ಮನೆಗೆ ನಿಯಮ ಇಲ್ವಾ ಎಂದು ಬರೆದಿದ್ದ. ಅದಕ್ಕೆ ಎಷ್ಟೊಂದು ಜನ ನಗುವ ಗೊಂಬೆಗಳನ್ನು ಹಾಕಿದ್ದರು. ನನ್ನ ತಲೆ ಬಿಸಿಯಾಯಿತು. ಸೆರಗು ಸಿಕ್ಕಿಸಿಕೊಂಡು ಸೀದಾ ಹೋದೆ.

"ಹೊರಗೆ ಬಾರೇ ಇಲ್ಲಿ!"

ಬಂದಳು. ಕೈಯಲ್ಲಿ ಅಕ್ಕಿ ಆರಿಸುತ್ತಿದ್ದ ಮೊರ.

"ಊರಿಗೆಲ್ಲ ಬುದ್ಧಿ ಹೇಳೋ ನನ್ನ ಮುಖಕ್ಕೆ ಮಸಿ ಬಳೀತಿದ್ದೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ?"

"ಅದು ಅಕ್ಕಿ ತೊಳೆದ ನೀರು ಟೀಚರಮ್ಮ."

"ಯಾವ ನೀರಾದ್ರೇನು! ನಾಳೆಯಿಂದ ನಿನ್ನ ಬಾಗಿಲು ಹಸಿ ಕಂಡ್ರೆ ನಾನೇ ಮುಂದೆ ನಿಂತು ನಲ್ಲಿ ಕತ್ತರಿಸ್ತೀನಿ. ಆಮೇಲೆ ಭದ್ರಾ ಹೊಳೆಯಿಂದ ಹೊತ್ಕೊಂಡು ಬಾ."

ಲೈನಿನ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹುಲಿಗೆಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಂಗಳವಾರ ಬೆಳಿಗ್ಗೆ ಎದ್ದು ನೋಡುತ್ತೇನೆ, ಎದುರು ಬಾಗಿಲು ಒಣಗಿತ್ತು. ಇಪ್ಪತ್ತಾರು ವರ್ಷ ಅವಳ ಹಟ ನೋಡಿದವಳು ನಾನು. ಬೈಗುಳಕ್ಕೆ ಬಗ್ಗುವ ಹೆಂಗಸು ಅದಲ್ಲ ಎಂದು ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕಿತ್ತು? ಆದರೆ ಗೆದ್ದ ಖುಷಿಯಲ್ಲಿ ಅದೊಂದೂ ತಲೆಗೆ ಬರಲಿಲ್ಲ. ಹಾಲು ತರಲು ಹೊರಟಿದ್ದ ಹೆಂಗಸರನ್ನು ಕರೆದೆ. ಹರಿಪ್ರಸಾದನನ್ನೂ ಕೂಗಿದೆ. ಹುಲಿಗೆಮ್ಮನ ಮೆಟ್ಟಿಲ ಮೇಲೇ ನಿಂತು ಶಾಲೆಯ ದನಿಯಲ್ಲಿ ಭಾಷಣ ಮಾಡಿದೆ.

"ನೋಡಿ, ಕಣ್ಣುಬಿಟ್ಟು ನೋಡಿ. ನಮ್ಮ ಹುಲಿಗೆಮ್ಮ ಓದಿದವಳಲ್ಲ. ಆದ್ರೂ ಒಂದು ಮಾತಿಗೆ ಬೆಲೆ ಕೊಟ್ಲು. ಇವಳನ್ನ ನೋಡಿ ಕಲೀರಿ. ಬಂಗಾರದಂಥ ಹೆಂಗಸು!"

ಬೈದದ್ದಕ್ಕೆ ಅದೇ ನನ್ನ ಸಮಾಧಾನ ಎಂದುಕೊಂಡಿದ್ದೆ. ಒಳಗಿದ್ದಾಳೆ, ಕೇಳಿಸಿಕೊಳ್ಳಲಿ ಎಂದೇ ದನಿ ಏರಿಸಿದ್ದೆ. ಬಾಗಿಲು ತೆರೆಯಲಿಲ್ಲ. ಮುನಿಸು, ಇಳಿದಾಗ ಬರುತ್ತಾಳೆ ಎಂದುಕೊಂಡು ಮನೆಗೆ ಬಂದೆ.

ಬುಧವಾರವೂ ಬಾಗಿಲು ಒಣಗಿತ್ತು. ಯಾರೂ ಹೋಗಿ ತಟ್ಟಲಿಲ್ಲ. ಯಾಕೆ ತಟ್ಟುತ್ತಾರೆ, ಎಲ್ಲರ ಬಾಗಿಲೂ ಹಾಗೇ ಇತ್ತಲ್ಲ. ಸಂಜೆ ಮುರುಗೇಶಪ್ಪನವರು, "ಹುಲಿಗೆಮ್ಮ ಎರಡು ದಿನದಿಂದ ಕಾಣ್ತಿಲ್ಲ, ಒಂದ್ಸಲ ನೋಡ್ಬಾರ್ದಾ?" ಎಂದರು.

"ಸೊಕ್ಕು. ತಾನಾಗೇ ಬರ್ತಾಳೆ ಬಿಡಿ" ಎಂದೆ.

ಗುರುವಾರ ನಸುಕಿನಲ್ಲಿ ನೀರು ಬಂತು. ನಮ್ಮಲ್ಲಿ ನೀರು ನಿಂತ ಮೇಲೂ ಯಾರೂ ನಲ್ಲಿ ತಿರುಗಿಸುವುದಿಲ್ಲ. ಕೆಳಗೆ ಕೊಡ ಇಟ್ಟು ತೆರೆದೇ ಬಿಡುತ್ತಾರೆ, ಬಂದಾಗ ಸದ್ದು ಕೇಳಲಿ ಎಂದು. ನಾನು ನನ್ನ ಡ್ರಮ್ಮು ತುಂಬಿಸಿ ಕಿಟಕಿಯಿಂದ ನೋಡಿದರೆ ಹುಲಿಗೆಮ್ಮನ ಬಾಗಿಲ ಮುಂದೆಲ್ಲ ಹಸಿ! ಬರೀ ಹಸಿಯಲ್ಲ, ನೀರು ಮೆಟ್ಟಿಲಿಳಿದು ರಸ್ತೆಗೆ ಹರಿಯುತ್ತಿತ್ತು. ಬಂಗಾರದಂಥ ಹೆಂಗಸು ಎಂದು ಊರ ಮುಂದೆ ಹೊಗಳಿದ್ದೆನಲ್ಲ, ಮೈಯೆಲ್ಲ ಉರಿದುಹೋಯಿತು. ಮೊಬೈಲ್ ಹಿಡಿದುಕೊಂಡು ರಸ್ತೆ ದಾಟಿದೆ. ಮೊದಲು ಫೋಟೋ ತೆಗೆದೆ. ದೇವರಾಣೆಗೂ ಮೊದಲು ಫೋಟೋ ತೆಗೆದೆ. ಆಮೇಲೆ ಕಂಡಿತು, ಅಂಗಳದ ನಲ್ಲಿಯ ಕೆಳಗೆ ಕೊಡ ತುಂಬಿ ಉಕ್ಕುತ್ತಿತ್ತು. ಕೊಡ ಎತ್ತುವವರು ಯಾರೂ ಇರಲಿಲ್ಲ.

ಕೂಗಿದೆ, ಬಾಗಿಲು ಗುದ್ದಿದೆ. ಆಟೋ ಓಡಿಸುವ ಜ್ಞಾನೇಶ ಬಂದು ಹೆಗಲು ಕೊಟ್ಟು ಚಿಲಕ ಮುರಿದ. ಬಾಗಿಲ ಹಿಂದೆಯೇ ಬಿದ್ದಿದ್ದಳು. ಪಕ್ಕದಲ್ಲಿ ಖಾಲಿ ಬಕೆಟ್ ಉರುಳಿತ್ತು. ಕಣ್ಣು ಅರ್ಧ ತೆರೆದಿತ್ತು, ತುಟಿ ಸೀಳಿತ್ತು. ಉಸಿರಿತ್ತು. ನಾಲ್ಕು ಹೆಜ್ಜೆ ಆಚೆ ಒಲೆಕಟ್ಟೆಯ ಮೇಲೆ ಮೂರು ಕೊಡ ತುಂಬಾ ನೀರು, ಮೇಲೆ ತಟ್ಟೆ ಮುಚ್ಚಿಟ್ಟಿದ್ದಳು, ಗುರುವಾರದವರೆಗೆ ಬರಬೇಕಲ್ಲ ಎಂದು.

ಶಿವಮೊಗ್ಗಕ್ಕೆ ಕರೆದೊಯ್ದೆವು. ಸೊಂಟದ ಮೂಳೆ ಮುರಿದಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಸೆಕೆಯಲ್ಲಿ ಎರಡು ದಿನ ತೊಟ್ಟು ನೀರಿಲ್ಲದೆ ಕಿಡ್ನಿಗೆ ಪೆಟ್ಟು ಬಿದ್ದಿದೆ ಎಂದರು ಡಾಕ್ಟರು. ಹೊಳಲೂರಿನಿಂದ ಮಾರಪ್ಪನ ತಂಗಿಯ ಮಗಳು ಮೈತ್ರಿ ಬಂದಳು. ರಾತ್ರಿ ಅವಳು, ಹಗಲು ನಾನು. ಮೈತ್ರಿ ನನ್ನ ಕೈ ಹಿಡಿದು, "ನೀವಿಲ್ದಿದ್ರೆ ನಮ್ಮತ್ತೆ ಗತಿ ಏನಾಗ್ತಿತ್ತೋ" ಎಂದು ಅತ್ತಳು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

ಆರನೆಯ ದಿನ ಹುಲಿಗೆಮ್ಮ ಹೋದಳು. ಹಿಂದಿನ ದಿನ ಮಧ್ಯಾಹ್ನ ಒಂದು ಗಳಿಗೆ ಚೆನ್ನಾಗಿಯೇ ಮಾತಾಡಿದ್ದಳು. ಚಮಚದಲ್ಲಿ ನೀರು ಹಾಕುತ್ತಿದ್ದೆ. ಬಾಯಿ ಒರೆಸಿದೆ.

"ಟೀಚರಮ್ಮ, ಅವತ್ತು ನಾನು ನಿಯಮ ಪಾಲಿಸ್ಲಿಲ್ಲ ಕಣ್ರೀ" ಎಂದಳು. "ನೀವು ಬೈದಿದ್ದಕ್ಕೆ ಸಿಟ್ಟು ಬಂದಿತ್ತು. ಚೆಂಬು ಬಿಟ್ಟು ಅರ್ಧ ಬಕೆಟ್ಟೇ ತಗೊಂಡೆ. ಬಾಗಿಲ ಹತ್ರ ಕಾಲು ಜಾರ್ತು."

"ಸುಮ್ನಿರೇ. ಆಯಾಸ ಮಾಡ್ಕೋಬೇಡ."

"ನೀವು ಹೊರಗೆ ನಿಂತು ಹೇಳಿದ್ದೆಲ್ಲ ಕೇಳಿಸ್ತು. ಬಂಗಾರದಂಥ ಹೆಂಗಸು ಅಂದ್ರಲ್ಲ." ಒಣಗಿದ ತುಟಿಯಲ್ಲೇ ನಕ್ಕಳು. "ಇಷ್ಟು ವರ್ಷದಲ್ಲಿ ಒಂದ್ಸಲನಾದ್ರೂ ಹಂಗಂದಿದ್ರಾ?"

"ನನ್ನ ದನಿ ಕೇಳಿಸ್ತಾ ಇತ್ತು ಅಂದ್ಮೇಲೆ ಯಾಕೇ ಕೂಗಲಿಲ್ಲ, ಪಾಪಿ!" ನನಗೆ ದುಃಖ ತಡೆಯಲಿಲ್ಲ. ಪಕ್ಕದ ಮಂಚದವರು ತಿರುಗಿ ನೋಡಿದರು.

"ಬಾಯಿ ತೆಗೆದೆ. ನೆಲದ ತುಂಬಾ ನೀರು ಚೆಲ್ಲಿತ್ತಲ್ಲ. ಅಷ್ಟು ಜನ ಒಳಗೆ ಬಂದಿದ್ರೆ ನೀವು ಹೇಳಿದ್ದು ಸುಳ್ಳಾಗ್ತಿತ್ತು. ಆ ಹರಿಪ್ರಸಾದ ನಗ್ತಿದ್ದ. ಎಲ್ರೂ ಹೋಗ್ಲಿ, ಆಮೇಲೆ ನಿಮ್ಮೊಬ್ರನ್ನೇ ಕರೆಯೋಣ ಅಂದ್ಕೊಂಡೆ."

ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡಳು.

"ಕರೆದೆ ಟೀಚರಮ್ಮ. ನಿಮಗೆ ಕೇಳಿಸ್ಲಿಲ್ಲ ಅನ್ಸುತ್ತೆ."

ಇನ್ನೊಂದು ಚಮಚ ನೀರು ಹಾಕಿದೆ. ಹೌದು, ಕೇಳಿಸಲಿಲ್ಲ ಎಂದೆ.

ಕೇಳಿಸಿತ್ತು. ಮಂಗಳವಾರ ಊಟವಾದ ಮೇಲೆ ಅಡ್ಡಾಗಿದ್ದೆ. ಟೀಚರಮ್ಮಾ ಎಂದು ಎರಡು ಸಲ, ಸಣ್ಣ ದನಿಯಲ್ಲಿ. ಅವಳದೇ ದನಿ ಎಂದು ಗೊತ್ತಾಯಿತು. ಮುನಿಸು ಇಳಿಯಿತು, ರಾಜಿಗೆ ಕರೆಯುತ್ತಿದ್ದಾಳೆ ಅಂದುಕೊಂಡೆ. ಬೇಕಿದ್ದರೆ ಅವಳೇ ರಸ್ತೆ ದಾಟಿ ಬರಲಿ ಎಂದು ಮಗ್ಗುಲು ಬದಲಿಸಿ ಮಲಗಿದೆ.